ಜಾರುಬಂಡೆಯಿಲ್ಲದ ಪಾರ್ಕು

ತಪ್ಪು ನನ್ನದೇ. ಮೂರೂವರೆ ವರ್ಷದ ಮಗನಿಗೆ ‘ಪಾರ್ಕಿಗೆ ಹೋಗೋಣ ಬಾ’ ಅಂದುಬಿಟ್ಟೆ. ಅಮೆರಿಕ ಸರ್ಕಾರದ ಲೆಕ್ಕದಲ್ಲಿ ಪಾರ್ಕ್ ಎಂದರೆ ಡೆತ್ ವ್ಯಾಲಿ: 34 ಲಕ್ಷ ಎಕರೆ ಕಲ್ಲು, ಮರಳು, ಉಪ್ಪು. ನನ್ನ ಮಗನ ಲೆಕ್ಕದಲ್ಲಿ ಪಾರ್ಕ್ ಎಂದರೆ ಒಂದು ಜಾರುಬಂಡೆ, ಎರಡು ಉಯ್ಯಾಲೆ. ಈ ಎರಡು ಲೆಕ್ಕ ತಾಳೆಯಾಗುವುದಿಲ್ಲವೆಂದು ತಿಳಿಯುವ ಹೊತ್ತಿಗೆ ನಾವು ಮನೆಯಿಂದ ಸುಮಾರು 450 ಮೈಲಿ ದೂರ ಬಂದಾಗಿತ್ತು.

ಡಿಸೆಂಬರ್ ಕೊನೆಯ ವಾರ, ಆಫೀಸಿಗೆ ರಜೆ. ಚಿತ್ರದುರ್ಗದಿಂದ ಬಂದ ಅಮ್ಮ ಮೂರು ತಿಂಗಳಿಂದ ಸನ್ನಿವೇಲ್‌ನ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೂತು ಪಾರ್ಕಿಂಗ್ ಲಾಟಿನ ಕಾರುಗಳನ್ನು ಎಣಿಸುತ್ತಿದ್ದಳು. ಎಲ್ಲರಿಗೂ ಒಂದೇ ಸಲಕ್ಕೆ ಮರುಭೂಮಿ ತೋರಿಸಿಬಿಡುವ ಹುರುಪು ನನ್ನದು. ಅಮ್ಮ ಹೆಸರು ಕೇಳಿಯೇ ಬೆಚ್ಚಿದಳು.

‘ಸಾವಿನ ಕಣಿವೆನಾ? ಎಳೇ ಮಕ್ಕಳನ್ನ ಕಟ್ಟಿಕೊಂಡು?’

‘ಹೆಸರಷ್ಟೇ ಅಮ್ಮ. 1849ರಲ್ಲಿ ಚಿನ್ನ ಹುಡುಕಿಕೊಂಡು ಹೊರಟವರು ಅಡ್ಡದಾರಿ ಹಿಡಿದು ಅಲ್ಲಿ ಸಿಕ್ಕಿಹಾಕಿಕೊಂಡರಂತೆ. ಹೊಟ್ಟೆ ಉರಿದು ಇಟ್ಟ ಹೆಸರು.’

ಸಮಾಧಾನವಾಗಲೆಂದು ನಕ್ಷೆ ತೋರಿಸಿದ್ದು ಇನ್ನೂ ಎಡವಟ್ಟಾಯಿತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು. ಕನ್ನಡಕ ಏರಿಸಿ ಒಂದೊಂದೇ ಹೆಸರನ್ನು ಓದಿ ಕನ್ನಡಕ್ಕೆ ತಂದಳು. ಫ್ಯೂನರಲ್ ಮೌಂಟನ್ಸ್, ಶವಯಾತ್ರೆಯ ಬೆಟ್ಟ. ಕಾಫಿನ್ ಪೀಕ್, ಹೆಣದ ಪೆಟ್ಟಿಗೆಯ ಶಿಖರ. ಹೆಲ್ಸ್ ಗೇಟ್, ನರಕದ ಬಾಗಿಲು. ‘ಒಂದಾದರೂ ಲಕ್ಷಣವಾದ ಹೆಸರು ಬೇಡವೇನೋ? ಹೋಗಲಿ, ಉಳಕೊಳ್ಳೋದು ಎಲ್ಲಿ?’

‘ಫರ್ನೇಸ್ ಕ್ರೀಕ್.’

‘ಕುಲುಮೆ ಹಳ್ಳ’ ಎಂದು ಗೊಣಗಿದವಳು ಆಮೇಲೆ ಮಾತಾಡಲಿಲ್ಲ. ದುರ್ಗಕ್ಕೆ ಫೋನ್ ಮಾಡಿ ಅಪ್ಪನಿಗೆ ‘ಉಪ್ಪಿನ ಬಯಲು ನೋಡಕ್ಕೆ ಹೋಗ್ತಿದೀವಿ’ ಎಂದಷ್ಟೇ ಹೇಳಿದಳು.

ಹೊರಡುವ ಬೆಳಿಗ್ಗೆ ಮಿನಿವ್ಯಾನಿನೊಳಕ್ಕೆ ಎರಡು ಕಾರ್ ಸೀಟು, ಒಂದು ಸ್ಟ್ರೋಲರ್, ಒಂದು ಪಾಟಿ, ನೂರು ಡಯಾಪರು, ರೈಸ್ ಕುಕ್ಕರು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಎರಡು ಡಬ್ಬ ಕೋಡುಬಳೆ ಹೋದವು. ಕೊನೆಗೆ ಅಮ್ಮನ ಮಂಕಿ ಕ್ಯಾಪ್ ಹೋಯಿತು. ನಾನು ನಕ್ಕೆ. ‘ಅಮ್ಮಾ, 1913ರ ಜುಲೈ 10ರಂದು ಇದೇ ಫರ್ನೇಸ್ ಕ್ರೀಕಿನಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಜಗತ್ತಿನ ದಾಖಲೆ ಅದು. ಅಲ್ಲಿಗೆ ಮಂಕಿ ಕ್ಯಾಪಾ?’

‘ಅದು ಜುಲೈ. ಇದು ಡಿಸೆಂಬರ್’ ಎಂದಳು ಅಮ್ಮ. ಆ ರಾತ್ರಿ ಕುಲುಮೆ ಹಳ್ಳದಲ್ಲಿ ಹಲ್ಲು ಕಟಕಟಿಸುತ್ತಾ ಸಾಮಾನು ಇಳಿಸಿದವನು ನಾನು. ಕಿವಿ ಬೆಚ್ಚಗಿದ್ದದ್ದು ಅವಳದ್ದೊಂದೇ.

ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹೊರಟೆವು. ಹದಿನಾಲ್ಕು ತಿಂಗಳ ಮಗಳು ಹಿಂದುಮುಖವಾಗಿ ಕೂತಿದ್ದಳು. ಎರಡು ವರ್ಷ ತುಂಬದವರು ಹಾಗೇ ಕೂರಬೇಕೆಂಬುದು ಕ್ಯಾಲಿಫೋರ್ನಿಯಾದ ಕಾನೂನು. ಹಾಗಾಗಿ ಇಡೀ ಪ್ರವಾಸವನ್ನು ಅವಳು ನೋಡಿದ್ದು, ಅದು ದಾಟಿಹೋದ ಮೇಲೆ. ಮಗ ಬಲಗೈ ಮುಷ್ಟಿ ಬಿಗಿಹಿಡಿದು ಕೂತಿದ್ದ. ಒಳಗೆ ಏನಿದೆಯೆಂದು ನನ್ನ ಹೆಂಡತಿ ಬಿಚ್ಚಿಸಲು ಹೋದರೆ ಊರು ಒಂದಾಗುವಂತೆ ಕಿರುಚಿದ. ಬಿಸ್ಕತ್ತಿನ ಚೂರಿರಬೇಕೆಂದು ಸುಮ್ಮನಾದೆವು.

ಎಂಟು ಗಂಟೆಯ ದಾರಿ ಎಂದಿತ್ತು ಫೋನು. ಪಾಪ, ಫೋನಿಗೆ ಮಕ್ಕಳಿಲ್ಲ. ನಮಗೆ ಹದಿಮೂರು ಗಂಟೆ ಹಿಡಿಯಿತು. ಟೌನ್ ಪಾಸ್ ಎಂಬ ಸುಮಾರು 5,000 ಅಡಿಯ ಘಟ್ಟ ಹತ್ತಿ, ಇನ್ನೇನು ಕಣಿವೆಗೆ ಇಳಿಯಬೇಕು, ಮಗ ಮಧ್ಯಾಹ್ನದ ಮೊಸರನ್ನವನ್ನೆಲ್ಲ ಹೊರಹಾಕಿದ. ಮೂಸಿಸಲು ನಿಂಬೆಹಣ್ಣು ಹುಡುಕಿದರೆ, ಇದ್ದ ನಾಲ್ಕೂ ಸನ್ನಿವೇಲ್‌ನಲ್ಲೇ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಗಿದ್ದವು.

ಮರುದಿನ ವಿಸಿಟರ್ ಸೆಂಟರಿನಲ್ಲಿ ಮಗನನ್ನು ಜೂನಿಯರ್ ರೇಂಜರ್ ಮಾಡಿಸಿದೆವು. ಕಾಗದದ ಮೇಲೆ ನಾಲ್ಕು ಗೀಚು ಗೀಚಿದ, ನಾಲ್ಕೂ ಹಲ್ಲಿಯಂತೆ. ಟೋಪಿ ತೊಟ್ಟ ರೇಂಜರ್ ಬಲಗೈ ಎತ್ತಲು ಹೇಳಿ ಪ್ರಮಾಣವಚನ ಬೋಧಿಸಿದರು: ಪಾರ್ಕನ್ನು ಕಾಪಾಡುತ್ತೇನೆ, ಇಲ್ಲಿಂದ ಏನನ್ನೂ ಒಯ್ಯುವುದಿಲ್ಲ. ಮಗ ಬಿಗಿದ ಮುಷ್ಟಿಯನ್ನೇ ಎತ್ತಿದ. ಚಳವಳಿಗಾರನಂತೆ ಕಾಣುತ್ತಿದ್ದ. ಬ್ಯಾಡ್ಜು ಸಿಕ್ಕಿತು. ಆಮೇಲೆ ರೇಂಜರನ್ನೇ ಕೇಳಿದ: ‘ವೇರ್ ಈಸ್ ದಿ ಸ್ಲೈಡ್?’

ಮೆಸ್ಕೀಟ್ ಫ್ಲ್ಯಾಟಿನ ಮರಳುದಿಬ್ಬಗಳಿಗೆ ಕರೆದೊಯ್ದೆ. ಅಲೆಯ ಹಿಂದೆ ಅಲೆಯಾಗಿ ಬಂಗಾರದ ಮರಳು. ಹತ್ತು ಹೆಜ್ಜೆಗೆ ಸ್ಟ್ರೋಲರಿನ ಚಕ್ರ ಹೂತು, ಅದನ್ನು ನಾನೇ ಹೆಗಲ ಮೇಲೆ ಹೊತ್ತೆ. ಮಗ ಒಮ್ಮೆ ಸುತ್ತ ನೋಡಿ, ‘ನಮ್ಮ ಪಾರ್ಕಲ್ಲೂ ಮರಳಿದೆ’ ಎಂದವನೇ ವಾಪಸು ನಡೆದು, ಪಾರ್ಕಿಂಗ್ ಜಾಗದ ಜಲ್ಲಿಯಲ್ಲಿ ಕೂತು ಮುಕ್ಕಾಲು ಗಂಟೆ ಆಡಿದ.

ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿದೆ. ಇಡೀ ಉತ್ತರ ಅಮೆರಿಕದಲ್ಲಿ ಇದಕ್ಕಿಂತ ತಗ್ಗಿಲ್ಲ. ಎದುರಿನ ಬೆಟ್ಟದ ಮೇಲೆ ಎಲ್ಲೋ ಎತ್ತರದಲ್ಲಿ ‘ಸಮುದ್ರಮಟ್ಟ’ ಎಂಬ ಫಲಕ ನೆಟ್ಟಿದ್ದಾರೆ. ಅಮ್ಮ ಕತ್ತೆತ್ತಿ ನೋಡಿ, ‘ಸಮುದ್ರ ಅಲ್ಲಿದ್ದರೆ ನಾವಿರೋದು ಪಾತಾಳ ಅಂತಾಯ್ತು’ ಎಂದಳು. ಹಿಂದೊಮ್ಮೆ ಸರ್ವೆ ಮಾಡಲು ಬಂದವನ ಹೇಸರಗತ್ತೆ ಇಲ್ಲಿನ ನೀರನ್ನು ಮುಟ್ಟದೆ ಹೋದದ್ದಕ್ಕೆ ಈ ಹೆಸರು ಬಂತಂತೆ. ನಮ್ಮ ಮಗಳು ಕತ್ತೆಗಿಂತ ಧೈರ್ಯಸ್ಥೆ. ಮನೆಯಲ್ಲಿ ತುಪ್ಪ ಅನ್ನಕ್ಕೂ ತುಟಿ ಬಿಚ್ಚದವಳು ಇಲ್ಲಿ ಅಂಗಾತ ಬಿದ್ದ ಬಿಳಿ ಬಯಲನ್ನು ಬಗ್ಗಿ ನೆಕ್ಕಿದಳು. ‘ಅಯ್ಯೋ!’ ಎಂದು ಹೆಂಡತಿ ಅವಳನ್ನು ಎತ್ತಿಕೊಳ್ಳುವಷ್ಟರಲ್ಲಿ ಅಮ್ಮನೂ ಬೆರಳಿಗೆ ಅಂಟಿದ್ದನ್ನು ನಾಲಿಗೆಗಿಟ್ಟು ತೀರ್ಪು ಕೊಟ್ಟಳು: ‘ಅಡುಗೆ ಉಪ್ಪೇ ಕಣೋ.’

ಅಷ್ಟರಲ್ಲಿ ಮಗನಿಗೆ ಅವಸರ. ಅಲ್ಲಿನ ಶೌಚಾಲಯಕ್ಕೆ ಫ್ಲಶ್ ಇಲ್ಲ, ಕೆಳಗೆ ಕತ್ತಲ ಗುಂಡಿ. ‘ಅದರೊಳಗೆ ಯಾರಿದಾರೆ?’ ಎಂದು ಹಿಂದೆ ಸರಿದ. ವ್ಯಾನಿನ ಡಿಕ್ಕಿ ತೆಗೆದು, ಪಾಟಿ ಇಟ್ಟು, ಕೂರಿಸಿದೆವು. ಖಂಡದ ಅತಿ ತಗ್ಗಿನ ಜಾಗದಲ್ಲಿ ಮೂರು ಜನ ದೊಡ್ಡವರು ಮೂರು ದಿಕ್ಕಿಗೆ ಶಾಲು ಹಿಡಿದು ಕಾವಲು ನಿಂತೆವು.

ಜಬ್ರಿಸ್ಕಿ ಪಾಯಿಂಟಿನ ಸೂರ್ಯಾಸ್ತಕ್ಕಾಗಿಯೇ ಇಷ್ಟು ದೂರ ಬಂದಿದ್ದೆ. ತಲುಪುವ ಐದು ನಿಮಿಷ ಮುಂಚೆ ಎರಡು ಮಕ್ಕಳಿಗೂ ನಿದ್ದೆ ಹತ್ತಿತು. ನಮ್ಮ ಮನೆಯಲ್ಲಿ ಸಂವಿಧಾನಕ್ಕಿಂತ ದೊಡ್ಡ ಕಾನೂನೊಂದಿದೆ: ಮಲಗಿದವರನ್ನು ಎಬ್ಬಿಸಬಾರದು. ಪಾಳಿ ಹಾಕಿಕೊಂಡು ಮೇಲೆ ಓಡಿದೆವು. ಮೊದಲು ಅಮ್ಮ, ಆಮೇಲೆ ಹೆಂಡತಿ. ನನ್ನ ಪಾಳಿ ಬಂದಾಗ ಸೂರ್ಯ ತನ್ನ ಪಾಳಿ ಮುಗಿಸಿದ್ದ.

ಮೂರನೆಯ ದಿನ ಜೋಶುವಾ ಟ್ರೀ ಎಂಬ ಇನ್ನೊಂದು ಪಾರ್ಕು. ಅಲ್ಲೊಂದು ಕಳ್ಳಿಯ ತೋಟವಿದೆ. ನೋಡಲು ಮೆತ್ತನೆ ಬೊಂಬೆಯಂತಿರುವ ಆ ಕಳ್ಳಿಯ ಹೆಸರು ಟೆಡ್ಡಿ ಬೇರ್ ಚೋಯಾ. ಹೆಸರನ್ನು ಮಗನಿಗೆ ಹೇಳಬಾರದಿತ್ತು, ತಬ್ಬಿಕೊಳ್ಳಲು ಹೊರಟ. ಹಿಡಿಯಲು ಹಾರಿದ ನನ್ನ ಮೊಣಕಾಲಿಗೆ ಒಂದು ತುಂಡು ಕಚ್ಚಿತು. ಇದರ ಮುಳ್ಳಿಗೆ ಕಣ್ಣಿಗೆ ಕಾಣದ ಕೊಕ್ಕೆಗಳಿವೆ. ಕೈಯಲ್ಲಿ ಕೀಳಹೋದರೆ ಕೈಗೂ ಅಂಟುತ್ತದೆ. ಕೊನೆಗೆ ಹೆಂಡತಿ ಬಾಚಣಿಗೆ ತೂರಿಸಿ ಎಬ್ಬಿದಳು. ‘ರೀ, ಅಲ್ಲಾಡಬೇಡಿ’ ಎಂದು ಅವಳು ಗದರಿಸುತ್ತಿದ್ದರೆ ಮಕ್ಕಳಿಬ್ಬರೂ ಚಪ್ಪಾಳೆ ತಟ್ಟಿದರು. ಇಡೀ ಪ್ರವಾಸದಲ್ಲಿ ಅವರು ಪೂರ್ತಿ ನೋಡಿದ ದೃಶ್ಯ ಅದೊಂದೇ.

ಮಧ್ಯಾಹ್ನ ಬಂಡೆಗಳ ನಡುವೆ ಇಳಿದಾಗ ಅಮ್ಮನ ಮುಖವೇ ಬದಲಾಯಿತು. ಒಂದರ ಮೇಲೊಂದು ಪೇರಿಸಿಟ್ಟ ಉರುಟು ಕಲ್ಲುಗುಡ್ಡಗಳು, ನಡುವೆ ಸಂದಿಗೊಂದಿ. ‘ಇಷ್ಟೊಂದು ದುಡ್ಡು ಸುರಿದು ನನ್ನನ್ನ ದುರ್ಗಕ್ಕೇ ಕರಕೊಂಡು ಬಂದೆಯಲ್ಲೋ!’ ಜೋಶುವಾ ಮರವನ್ನು ಮುಟ್ಟಿ ನೋಡಿ ‘ನಮ್ಮ ಕತ್ತಾಳೆ ನೆಂಟ’ ಎಂದಳು. ಸರಿಯಾಗಿಯೇ ಹೇಳಿದಳು, ಅದು ಮರವಲ್ಲ, ಯುಕ್ಕಾ, ಕತ್ತಾಳೆಯ ಕುಲದ್ದೇ. ಇಲ್ಲಿನ ಬಂಡೆಗಳಲ್ಲಿ ಬಹಳಷ್ಟಕ್ಕೆ ಸುಮಾರು 10 ಕೋಟಿ ವರ್ಷ, ದುರ್ಗದವಕ್ಕೆ 250 ಕೋಟಿಗೂ ಹೆಚ್ಚು ಎಂದು ನಾನು ವಿವರಿಸಿದೆ. ‘ಹಾಗಾದರೆ ಇವಿನ್ನೂ ಮಕ್ಕಳು’ ಎಂದು ಒಂದನ್ನು ತಟ್ಟಿದಳು.

ಆಮೇಲೆ ಸೀರೆ ಎತ್ತಿಕಟ್ಟಿ, ಮೊಮ್ಮಗನನ್ನು ಮುಂದೆ ಕೂರಿಸಿಕೊಂಡು, ಓರೆಯಾದ ನುಣುಪು ಬಂಡೆಯೊಂದರಿಂದ ಸರ್ರನೆ ಜಾರಿದಳು. ‘ನೋಡು ಪುಟ್ಟಾ, ಜಾರು, ಬಂಡೆ. ಪ್ಲಾಸ್ಟಿಕ್ಕಿಂದು ಆಮೇಲೆ ಬಂತು.’ ಕತ್ತಲಾಗುವವರೆಗೆ ಅಲ್ಲಿಂದ ಯಾರೂ ಏಳಲಿಲ್ಲ. ಮಗನ ಪ್ಯಾಂಟು, ಅಮ್ಮನ ಸೀರೆ ಎರಡೂ ಒಂದೇ ಜಾಗದಲ್ಲಿ ಹರಿದವು.

ಮನೆಗೆ ಬಂದು ಬಟ್ಟೆ ಒಗೆಯಲು ಹಾಕಿದರೆ ಮಷೀನಿನೊಳಗೆ ಲೊಟಕ್ ಲೊಟಕ್ ಸದ್ದು. ಮಗನ ಜೇಬಿನಿಂದ ಬಿದ್ದ ಅಡಿಕೆ ಗಾತ್ರದ ಬೂದು ಕಲ್ಲು. ನನ್ನ ಎದೆ ಧಸಕ್ಕೆಂದಿತು. ರಾಷ್ಟ್ರೀಯ ಉದ್ಯಾನದಿಂದ ಒಂದು ಕಲ್ಲು ತರುವುದೂ ಅಪರಾಧ; ಇವನೋ ಪ್ರಮಾಣವಚನ ಸ್ವೀಕರಿಸಿದ ಜೂನಿಯರ್ ರೇಂಜರ್. ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟಿನಿಂದ ಕಲ್ಲು ಕದ್ದವರು ಪಶ್ಚಾತ್ತಾಪದ ಪತ್ರ ಬರೆದು ಅಂಚೆಯಲ್ಲಿ ವಾಪಸು ಕಳಿಸುತ್ತಾರಂತೆ. ಹಾಗೆ ಬಂದವನ್ನೆಲ್ಲ ಅಲ್ಲಿ ಗುಡ್ಡೆ ಹಾಕಿದ್ದಾರಂತೆ. ನಾನೂ ಕಾಗದ ತೆಗೆದುಕೊಂಡು ‘ಮಾನ್ಯರೇ’ ಎಂದು ಶುರುಮಾಡಿದ್ದೆ.

ಹೆಂಡತಿ ಕಲ್ಲನ್ನು ತಿರುಗಿಸಿ ನೋಡಿದಳು. ‘ರೀ, ಇದು ನಮ್ಮ ಮೆಟ್ಟಿಲ ಕೆಳಗಿನ ಗಿಡದ ಬುಡಕ್ಕೆ ಹಾಕಿರೋ ಕಲ್ಲು.’

ಮಗನನ್ನು ಕರೆದು ಕೇಳಿದೆ. ಹೌದಂತೆ. ಹೊರಡುವ ದಿನ ಅವನೇ ಎತ್ತಿಕೊಂಡಿದ್ದಂತೆ. ಪಾಪ, ಅದು ಯಾವಾಗಲೂ ಅಲ್ಲೇ ಇರುತ್ತದಲ್ಲ, ಪಾರ್ಕು ತೋರಿಸಲು ಕರಕೊಂಡು ಹೋಗಿದ್ದನಂತೆ.

‘ಪಾರ್ಕು ನೋಡಿ ಕಲ್ಲು ಏನಂತು?’

‘ಏನೂ ಅನ್ನಲಿಲ್ಲ. ನಿದ್ದೆ ಮಾಡ್ತಿತ್ತು’ ಎಂದು ಮಗ ದನಿ ತಗ್ಗಿಸಿದ. ‘ಎಬ್ಬಿಸಬಾರದು ಅಲ್ವಾ?’