ಚೀಲ ನಿಮ್ಮ ಬೆನ್ನಿಗೆ, ಭಾರ ಬಾಲಿಯ ಬೆನ್ನಿಗೆ

ಬಾಲಿ ದ್ವೀಪದಲ್ಲಿ ಬೆನ್ನಿಗೆ ಚೀಲ ಬಿಗಿದು ಅಲೆಯುತ್ತಿರುವ ಚಿ॥ ಪತಿಗೂ ಚಿ॥ ಸೌ॥ ಪತ್ನಿಗೂ ಮಾಡುವ ಆಶೀರ್ವಾದಗಳು.

ನೀವು ಪ್ರವಾಸಿಗರಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪ್ರವಾಸಿಗರೆಂದರೆ ಬಾವುಟ ಹಿಡಿದ ಗೈಡಿನ ಹಿಂದೆ ಸಾಲುಗಟ್ಟಿ ನಡೆದು, ಪ್ಯಾಕೇಜಿನಲ್ಲಿ ಹೇಳಿದ್ದ ಉಪ್ಪಿಟ್ಟು ಸಿಗಲಿಲ್ಲವೆಂದು ಜಗಳ ತೆಗೆಯುವವರು. ನಿಮ್ಮದೋ ಎರಡು ಚೀಲ, ಒಂದು ಬಾಡಿಗೆ ಸ್ಕೂಟರು, ಊರವರ ಮನೆಯಲ್ಲೊಂದು ಕೋಣೆ, ‘ವಾರುಂಗ್’ ಎಂಬ ಪುಟ್ಟ ಖಾನಾವಳಿಯಲ್ಲಿ ಒಂದು ತಟ್ಟೆ ‘ನಾಸಿ ಗೋರೆಂಗ್’ ಎಂಬ ಹುರಿದನ್ನ. ಕಡಿಮೆ ದುಡ್ಡಿನಲ್ಲಿ ತಿರುಗುತ್ತೇವೆ, ಆದ್ದರಿಂದ ದ್ವೀಪಕ್ಕೆ ನಮ್ಮಿಂದ ಕಡಿಮೆ ಭಾರ ಎಂಬುದು ನಿಮ್ಮ ಸಿದ್ಧಾಂತ. ಬಾಲಿಯ ಜನಸಂಖ್ಯೆ ಸುಮಾರು 43 ಲಕ್ಷ. 2024ರಲ್ಲಿ ಅಲ್ಲಿಗೆ ಬಂದ ವಿದೇಶೀಯರು ಸುಮಾರು 63 ಲಕ್ಷ. ಆ 63 ಲಕ್ಷದಲ್ಲಿ ತಾವು ಸೇರಿಲ್ಲವೆಂದು ನೀವು ನಂಬಿರುವಂತೆಯೇ ಉಳಿದವರಲ್ಲೂ ಬಹಳ ಮಂದಿ ನಂಬಿದ್ದಾರೆ. ಅಂದಮೇಲೆ ಬಾಲಿಗೆ ಪ್ರವಾಸಿಗರೇ ಬಂದಿಲ್ಲ. ಕರಾವಳಿಯ ಚಂಗು ಹಳ್ಳಿಯ ಗದ್ದೆದಾರಿಯಲ್ಲಿ ಸ್ಕೂಟರುಗಳು ತಾವಾಗಿಯೇ ಹುಟ್ಟಿ, ತಾವಾಗಿಯೇ ಸಿಕ್ಕಿಹಾಕಿಕೊಂಡಿವೆ.

ನಿಮ್ಮ ಸಿದ್ಧಾಂತಕ್ಕೆ ಚರಿತ್ರೆ ಸಾಕ್ಷಿ ಹೇಳುತ್ತಿಲ್ಲ, ಅದೇ ತೊಡಕು. 1970ರ ದಶಕದ ಆರಂಭದಲ್ಲಿ, ವಿಶ್ವಬ್ಯಾಂಕಿನ ನೆರವಿನಿಂದ, ಫ್ರೆಂಚ್ ಸಲಹೆಗಾರರು ಬಾಲಿಗೊಂದು ಪ್ರವಾಸೋದ್ಯಮದ ಯೋಜನೆ ಬರೆದುಕೊಟ್ಟರು. ಐಷಾರಾಮಿ ಹೋಟೆಲುಗಳನ್ನೆಲ್ಲ ದಕ್ಷಿಣದ ಒಣನೆಲ ನುಸಾ ದುವಾದಲ್ಲಿ ಒಟ್ಟಿಗೆ ಕಟ್ಟಿ, ಅತಿಥಿಗಳನ್ನು ಅಲ್ಲೇ ಉಳಿಸಿ, ಹಳ್ಳಿಗಳನ್ನು ಹಗಲು ನೋಡಿಬರಲು ಬಿಡುವುದು ಅದರ ಸಾರ. ದುಡ್ಡಿದ್ದವರು, ಹೇಳಿದ ಮಾತು ಕೇಳಿ, ಬೇಲಿಯೊಳಗೆ ಈಜುಕೊಳದ ಪಕ್ಕ ಮಲಗಿದರು. ಬೇಲಿ ಬೇಡವೆಂದವರು ನಿಮ್ಮ ಪೂರ್ವಿಕರು: ಸರ್ಫಿಂಗ್ ಹಲಗೆ ಹೊತ್ತವರು, ಚೀಲ ಹೊತ್ತವರು. ಅವರು ಮೀನುಗಾರರ ಕೂಟಾದಲ್ಲಿ ಮನೆಯಂಗಳದ ಕೋಣೆ ಹಿಡಿದರು. ಕೋಣೆಗಳ ಹಿಂದೆ ಹೋಟೆಲು ಬಂತು, ಹೋಟೆಲಿನ ಹಿಂದೆ ಬಾರು ಬಂತು. ಕೂಟಾ ಕೆಟ್ಟಿತೆಂದು ನಿಟ್ಟುಸಿರಿಟ್ಟು ಸೆಮಿನ್ಯಾಕಿಗೆ, ಅದೂ ಕೆಟ್ಟಿತೆಂದು ಚಂಗುವಿಗೆ, ಈಗ ಪೆರೆರೆನಾನ್ ಕಡೆಗೆ ಮೆರವಣಿಗೆ ಸಾಗಿದೆ. ರಿಯಲ್ ಎಸ್ಟೇಟಿನವರು ಮುಂದಿನ ಬಡಾವಣೆಗೆ ಸರ್ವೆ ಮಾಡಿಸಬೇಕಿಲ್ಲ. ನೀವು ಸ್ವಂತ ಖರ್ಚಿನಲ್ಲಿ ಹೋಗಿ, ಗೂಟ ಹೊಡೆದು, ಲೊಕೇಶನ್ ಹಾಕಿ ರೀಲ್ ಬಿಡುತ್ತೀರಿ. ಅದರಲ್ಲೂ ಒಬ್ಬರು ನಿಂತು ಇನ್ನೊಬ್ಬರು ಫೋಟೋ ಹಿಡಿಯುವ ಅನುಕೂಲ ಜೋಡಿಗಲ್ಲದೆ ಇನ್ಯಾರಿಗಿದೆ? ಲೆಂಪುಯಾಂಗ್ ದೇವಾಲಯದ ಬಾಗಿಲಲ್ಲಿ ಗಂಟೆಗಟ್ಟಲೆ ಸರದಿ ನಿಂತು ತೆಗೆಸಿಕೊಂಡ ಚಿತ್ರದಲ್ಲಿ ನಿಮ್ಮ ಕಾಲ ಕೆಳಗೆ ಕೊಳವೊಂದು ಹೊಳೆಯುತ್ತದೆ. ಅಲ್ಲಿ ಕೊಳವೇ ಇಲ್ಲ, ಫೋನಿನಡಿ ಹಿಡಿದ ಕನ್ನಡಿಯಷ್ಟೇ.

ನಿಜವಾದ ನೀರಿನ ಕತೆ ಬೇರೆ. ಬಾಲಿಯ ಮೆಟ್ಟಿಲುಗದ್ದೆಗಳನ್ನು ಬದುಕಿಸಿರುವುದು ‘ಸುಬಾಕ್’ ಎಂಬ ರೈತರ ನೀರಿನ ಒಕ್ಕೂಟ. ಒಂಬತ್ತನೇ ಶತಮಾನದಷ್ಟು ಹಳೆಯ ಈ ಏರ್ಪಾಟನ್ನು ಯುನೆಸ್ಕೋ 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಯಾರ ಗದ್ದೆಗೆ ಯಾವಾಗ ನೀರು ಎಂಬುದನ್ನು ನೀರಿನ ದೇಗುಲಗಳ ಆಸರೆಯಲ್ಲಿ ರೈತರೇ ಕೂತು ತೀರ್ಮಾನಿಸುತ್ತಾರೆ. ಮೇಲಿನ ಗದ್ದೆಯೊಂದು ವಿಲ್ಲಾ ಆದರೆ ಕೆಳಗಿನವನ ಕಾಲುವೆಯೂ ಕೆಡುತ್ತದೆ. ಗದ್ದೆಯ ನೋಟಕ್ಕೆಂದು ನೀವು ಹುಡುಕುವ ಅಗ್ಗದ ಕೋಣೆ ಎದ್ದಿರುವುದು ಬಹಳ ಸಲ ಗದ್ದೆಯ ಮೇಲೆಯೇ. ಅದು ಅಗ್ಗವಾಗಿರುವುದು ನಿಮ್ಮ ಮಿತವ್ಯಯದಿಂದಲ್ಲ, ಆ ಕಾಲುವೆಯ ಬೆಲೆ ಯಾರ ಬಿಲ್ಲಿಗೂ ಸೇರದಿರುವುದರಿಂದ.

ನಮ್ಮ ದುಡ್ಡು ನೇರವಾಗಿ ಮನೆಯೊಡತಿಯ ಕೈಗೆ ಹೋಗುತ್ತದೆ, ಪಂಚತಾರಾ ಹೋಟೆಲಿನ ಲಾಭದಂತೆ ದ್ವೀಪ ಬಿಟ್ಟು ಓಡುವುದಿಲ್ಲ ಎನ್ನುತ್ತೀರಿ. ಸತ್ಯವಾದ ಮಾತು, ನಿಮ್ಮ ಕಡೆಯ ಅತ್ಯುತ್ತಮ ವಾದ. ಆದರೆ ಅದೇ ಒಡತಿಯೊಡನೆ ಅರ್ಧ ಬೆಲೆಗೆ ಚೌಕಾಸಿ ಮಾಡಿ, ಗೆದ್ದ ವಿಡಿಯೋ ಹಾಕುವಾಗ ಈ ವಾದ ಎಲ್ಲಿ ಹೋಗುತ್ತದೆ? 2024ರ ಫೆಬ್ರವರಿ 14ರಂದು, ಪ್ರೇಮಿಗಳ ದಿನವೇ, ಬಾಲಿ ಸರ್ಕಾರ ವಿದೇಶೀಯರಿಗೆ 1,50,000 ರುಪಿಯಾ, ಅಂದರೆ ಸುಮಾರು 800 ರೂಪಾಯಿ ಸುಂಕ ಹಾಕಿತು. ದ್ವೀಪದ ಮೇಲಿನ ಪ್ರೇಮವನ್ನು ರೊಕ್ಕದಲ್ಲಿ ತೋರಿಸುವ ಅವಕಾಶವನ್ನು ‘ಲೂಟಿ’ ಎಂದು ಬೈಯುವುದು ಪ್ರೇಮಿಗಳಿಗೆ ಭೂಷಣವಲ್ಲ. ನಾವು ಬಾರದಿದ್ದರೆ ಅವರು ಉಪವಾಸ ಬೀಳುತ್ತಾರಲ್ಲ ಎನ್ನುತ್ತೀರಾ? ಕೋವಿಡ್ ಬಂದ 2020ರಲ್ಲಿ ಬಾಲಿಯ ಆರ್ಥಿಕತೆ ಶೇ. 9ಕ್ಕೂ ಹೆಚ್ಚು ಕುಸಿದದ್ದು ನಿಜ. ಅದರಿಂದ ತಿಳಿಯುವುದು ದ್ವೀಪ ಒಂದೇ ಕಸುಬಿಗೆ ಜೋತುಬಿದ್ದಿದೆ ಎಂಬುದು. ನೀವು ಅನ್ನದಾತರು ಎಂಬುದಲ್ಲ.

ಬರಬೇಡಿ ಎಂದು ನಾನು ಹೇಳುತ್ತಿಲ್ಲ, ಬಾಲಿಯವರೂ ಹೇಳುತ್ತಿಲ್ಲ. ಆದರೆ ಮಿತಿ ಹಾಕುವುದು ಅವರಿಗೆ ಗೊತ್ತು. ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುವ ಅವರ ಶಕವರ್ಷಾರಂಭ ‘ನ್ಯೇಪಿ’ಯಂದು ವಿಮಾನ ನಿಲ್ದಾಣವೇ 24 ಗಂಟೆ ಮುಚ್ಚುತ್ತದೆ, ದೀಪವಿಲ್ಲ, ಬೀದಿಯಲ್ಲಿ ಜನವಿಲ್ಲ, ಚೀಲದವರೂ ಸೂಟ್‌ಕೇಸಿನವರೂ ಕೋಣೆಯಲ್ಲೇ. ಉಳಿದ ದಿನಗಳ ಮಿತಿಯನ್ನು ನೀವೇ ಹಾಕಿಕೊಳ್ಳಿ. ಹತ್ತು ಊರು ಮುಟ್ಟುವ ಬದಲು ಒಂದೂರಲ್ಲಿ ನಿಲ್ಲಿ, ಕೇಳಿದ ಬಾಡಿಗೆ ಕೊಡಿ, ಸುಂಕ ಕಟ್ಟಿ, ಪ್ರವಾಸಿಗರೆಂದು ಒಪ್ಪಿಕೊಳ್ಳಿ. ಇನ್ನು ಯಾರೂ ಕಾಣದ ಜಲಪಾತವೊಂದು ಸಿಕ್ಕಿಯೇಬಿಟ್ಟರೆ ಅದು ನಿಮ್ಮಿಬ್ಬರೊಳಗೇ ಇರಲಿ. ದಂಪತಿಗಳ ನಡುವೆ ಒಂದಾದರೂ ಗುಟ್ಟು ಇರುವುದು ಒಳ್ಳೆಯದು.

ಇತಿ ನಿಮ್ಮ ಹಿತೈಷಿ