ಅತ್ತಿಬೆಲೆಗೆ ಯಾವ ದಾರಿ?

"ಭಾವ, ಶನಿವಾರ ಕಾರಲ್ಲಿ ಹೊಸೂರಿಗೆ ಹೊರಟಿದ್ದೀನಿ. ಅತ್ತಿಬೆಲೆ ಗಡಿ ದಾಟೋಕೆ ಯಾವ ದಾರಿ ಒಳ್ಳೇದು?"

"ಸಿಲ್ಕ್ ಬೋರ್ಡ್ ದಾಟಿ ಮೇಲ್ಸೇತುವೆ ಹತ್ತು. ಟೋಲ್ ಕಟ್ಟಿದರೆ ಎಲೆಕ್ಟ್ರಾನಿಕ್ ಸಿಟಿವರೆಗೆ ಸುಮಾರು 10 ಕಿ.ಮೀ. ಸಿಗ್ನಲ್ಲೇ ಇಲ್ಲ."

"ಆಮೇಲೆ?"

"ಇಳಿದು, ದುಡ್ಡು ಕಟ್ಟದೆ ಕೆಳಗಿಂದ ಬಂದವರ ಹಿಂದೆ ನಿಲ್ಲು. ಚಂದಾಪುರದಲ್ಲಿ ಕಡಲೆಕಾಯಿ ಮಾರೋನು ಕಿಟಕಿ ಬಡೀತಾನೆ."

"ಮ್ಯಾಪಿನಲ್ಲಿ ಹಸಿರಿದೆಯಲ್ಲ?"

"ನೀನು ತಲುಪೋಷ್ಟರಲ್ಲಿ ಹಣ್ಣಾಗಿ ಕೆಂಪಾಗಿರುತ್ತೆ."

"ಸರ್ಜಾಪುರದ ಕಡೆಯಿಂದ?"

"ಅದೂ ಅತ್ತಿಬೆಲೆಗೇ ಬಂದು ಸೇರುತ್ತೆ."

"ಆನೇಕಲ್–ತಳಿ?"

"ನೂಕುನುಗ್ಗಲು ಕಡಿಮೆ, ಸುತ್ತು ಜಾಸ್ತಿ. ಪೆಟ್ರೋಲು ನಿಂದು."

"ನೀವು ಹೇಗೆ ಹೋಗ್ತೀರಿ?"

"ರೈಲಲ್ಲಿ. ಹೀಲಲಿಗೆ, ಆನೇಕಲ್ ರೋಡ್ ಆದ್ಮೇಲೆ ಹೊಸೂರೇ. ಗಡಿ ದಾಟಿದ್ದೂ ಗೊತ್ತಾಗಲ್ಲ."

"ಮತ್ತೆ ಕಾರು?"

"ಅದು ದಾರಿ ಬಗ್ಗೆ ಮಾತಾಡೋಕೆ ಕಣಯ್ಯ!"