ವಾಹನರಸಿಕ ಮೀಮಾಂಸೆ

ಪ್ರಸ್ತುತ ಪ್ರಬಂಧವು ಭಾರತದ ರಸ್ತೆಗಳಲ್ಲಿ ಕಂಡುಬರುವ ಎರಡು ಜೀವಜಾತಿಗಳನ್ನು ಕುರಿತದ್ದು. ಒಂದು, ಕಾರುರಸಿಕ. ಇನ್ನೊಂದು, ಗಿರಾಕಿ. ಇವೆರಡೂ ಹೊರನೋಟಕ್ಕೆ ಒಂದೇ ತೆರನಾಗಿದ್ದು, ಹಲವೊಮ್ಮೆ ಒಂದೇ ಮನೆಯಲ್ಲಿ, ಕೆಲವೊಮ್ಮೆ ಒಂದೇ ದೇಹದಲ್ಲಿ ವಾಸಿಸುವುದರಿಂದ ಹಿಂದಿನ ವಿದ್ವಾಂಸರು ಇವನ್ನು ಬೇರ್ಪಡಿಸುವ ಗೋಜಿಗೆ ಹೋಗಲಿಲ್ಲ. ಕಾರು ತಯಾರಕರು ಹೋದರು, ಕೈ ಸುಟ್ಟುಕೊಂಡ ಮೇಲೆ.

ಕ್ಷೇತ್ರಕಾರ್ಯವನ್ನು ಭಾನುವಾರದ ಬೆಳಗಿನ ಜಾವ ನಂದಿಬೆಟ್ಟದ ಬುಡದಲ್ಲಿ, ವಾರದ ದಿನಗಳಲ್ಲಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ, ಹಾಗೂ ಮದುವೆ ಮನೆಗಳಲ್ಲಿ ಎರಡನೇ ಪಂಕ್ತಿಗೆ ಕಾಯುವವರ ನಡುವೆ ನಡೆಸಲಾಯಿತು. ಕೊನೆಯದರಲ್ಲಿ ಮಾಹಿತಿ ಹೇರಳ, ಊಟ ತಡ.

ಲಕ್ಷಣ ನಿರೂಪಣೆ

ಶಾಸ್ತ್ರವೆಂದ ಮೇಲೆ ಮೊದಲು ಲಕ್ಷಣ ಹೇಳಬೇಕು. ಲಕ್ಷಣಕ್ಕೆ ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ತಗಲಬಾರದು. ‘ಕೈಯಾರೆ ಗೇರು ಹಾಕುವವನು ರಸಿಕ’ ಎನ್ನೋಣವೆಂದರೆ ಊರಿನ ಲಾರಿ ಚಾಲಕರೆಲ್ಲ ಒಳಗೆ ಬಂದುಬಿಡುತ್ತಾರೆ, ಇದು ಅತಿವ್ಯಾಪ್ತಿ. ‘ಒಳ್ಳೆಯ ಕಾರು ಇಟ್ಟುಕೊಂಡವನು ರಸಿಕ’ ಎಂದರೆ ರಸಿಕರಲ್ಲಿ ಮುಕ್ಕಾಲು ಪಾಲು ಹೊರಗುಳಿಯುತ್ತಾರೆ, ಅವ್ಯಾಪ್ತಿ. ‘ತಾನು ಹೊಗಳಿದ ಕಾರನ್ನೇ ಶೋರೂಮಿನಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಂಡ ರಸಿಕ’ ಎಂಬುದು ಮೊಲದ ಕೊಂಬು; ಅಸಂಭವ. ಆದ್ದರಿಂದ ನಿರ್ದುಷ್ಟ ಲಕ್ಷಣ ಹೀಗೆ: ಇಂಥದೊಂದು ಕಾರು ಬರಲೇಬೇಕೆಂದು ಹಂಬಲಿಸಿ, ಬಂದಾಗ ಕೊಳ್ಳದೆ, ನಿಂತಾಗ ಕಣ್ಣೀರಿಡುವವನೇ ರಸಿಕ.

ಗಿರಾಕಿಯ ಲಕ್ಷಣ ಇಷ್ಟು ಜಟಿಲವಲ್ಲ. ‘ಲೀಟರಿಗೆ ಎಷ್ಟು ಕೊಡುತ್ತೆ?’ ಎಂದು ಕೇಳುವವನು ಗಿರಾಕಿ.

ಉದಾಹರಣೆಗೆ ಮದುವೆ ಮನೆಯೊಂದರಲ್ಲಿ ದಾಖಲಾದ ಈ ಸಂವಾದವನ್ನು ಗಮನಿಸಬಹುದು.

“ಭಾವ, ಹನ್ನೆರಡು ಲಕ್ಷದೊಳಗೆ ಯಾವ ಕಾರ್ ತಗೊಳ್ಳಲಿ?”

“ಪೋಲೋ ತಗೊಳೋ, ಟಿಎಸ್ಐ. ಹೈವೇಲಿ ಹಳಿ ಮೇಲೆ ಹೋದ ಹಾಗೆ ಹೋಗುತ್ತೆ.”

“ಅದು ನಿಂತೋಯ್ತಲ್ಲ ಭಾವ?”

“ಸೆಕೆಂಡ್ಸಲ್ಲಿ ಹುಡುಕೋಣ. ನಾನೇ ಬರ್ತೀನಿ ನೋಡೋಕೆ.”

ಭಾವಮೈದುನ ಎಲ್ಲಕ್ಕೂ ತಲೆದೂಗಿ, ಮುಂದಿನ ವಾರ ಸನ್‌ರೂಫ್ ಇರುವ ಬ್ರೆಝಾಕ್ಕೆ ಮುಂಗಡ ಕೊಟ್ಟ. ಭಾವನಿಗೆ ಅದು ತಿಳಿದದ್ದು ಪೂಜೆಯ ನಿಂಬೆಹಣ್ಣು ಚಕ್ರದಡಿ ಸಿಕ್ಕಿ ಅಪ್ಪಚ್ಚಿಯಾದ ಮೇಲೆ.

ಧ್ವನಿವಿಚಾರ

ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಕಾವ್ಯದ ಆತ್ಮ ಧ್ವನಿಯೆಂದು ಸಾರಿದ. ಅವನ ಕಾಲಕ್ಕೆ ಕಾರುಗಳಿರಲಿಲ್ಲವಾದ್ದರಿಂದ ಬಾಗಿಲಿನ ಪ್ರಸ್ತಾಪ ‘ಧ್ವನ್ಯಾಲೋಕ’ದಲ್ಲಿಲ್ಲ, ಆ ಕೊರತೆಯನ್ನು ಇಲ್ಲಿ ತುಂಬಲಾಗುತ್ತಿದೆ. ರಸಿಕನು ಫೋಕ್ಸ್‌ವ್ಯಾಗನ್ನಿನ ಬಾಗಿಲನ್ನು ಹಾಕಿದಾಗ ‘ದಪ್’ ಎಂಬ ಸದ್ದು ಬರುತ್ತದೆ. ಅಭಿಧೆಯಲ್ಲಿ ಇದರ ಅರ್ಥ: ಬಾಗಿಲು ಮುಚ್ಚಿತು. ಲಕ್ಷಣೆಯಲ್ಲಿ: ತಗಡು ದಪ್ಪ. ವ್ಯಂಜನೆಯಲ್ಲಿ: ಜರ್ಮನಿ. ಕಾರು ತಯಾರಾದದ್ದು ಪುಣೆಯ ಹತ್ತಿರದ ಚಾಕಣದಲ್ಲಿ ಎಂಬ ವಾಚ್ಯಾರ್ಥ ಈ ವ್ಯಂಗ್ಯಾರ್ಥಕ್ಕೆ ಬಾಧಕವಲ್ಲ. ‘ಟಣ್’ ಎನ್ನುವ ಬಾಗಿಲು ಗುಣೀಭೂತವ್ಯಂಗ್ಯ, ಅಂದರೆ ವ್ಯಂಗ್ಯಾರ್ಥ ಗೌಣವಾದದ್ದು. ಜಪಾನೀ ಕಾರುಗಳನ್ನು ರಸಿಕರು ಈ ಕೆಳವರ್ಗಕ್ಕೆ ಸೇರಿಸುತ್ತಾರೆ. ಗಿರಾಕಿಯಾದರೋ ಬಾಗಿಲಿನಲ್ಲಿ ಹುಡುಕುವುದು ಒಂದನ್ನೇ: ನೀರಿನ ಬಾಟಲಿ ಹಿಡಿಯುತ್ತದೋ ಇಲ್ಲವೋ.

ಅನ್ವಯ-ವ್ಯತಿರೇಕ

ಯಾವುದು ಇದ್ದರೆ ಫಲವಿದೆಯೋ, ಯಾವುದು ಇಲ್ಲದಿದ್ದರೆ ಫಲವಿಲ್ಲವೋ ಅದೇ ಕಾರಣ ಎನ್ನುವುದು ತಾರ್ಕಿಕರ ಅಂಬೋಣ. ಈ ತತ್ತ್ವವನ್ನು ಪರೀಕ್ಷಿಸಲು ಫಿಯೆಟ್ ಕಂಪನಿಯು ತನ್ನ ಸ್ವಂತ ಖರ್ಚಿನಲ್ಲಿ ಭಾರತದಲ್ಲಿ ಒಂದು ದಶಕದ ಪ್ರಯೋಗ ನಡೆಸಿಕೊಟ್ಟಿತು. ವಿಜ್ಞಾನದ ಇತಿಹಾಸದಲ್ಲಿ ಇಂಥ ತ್ಯಾಗ ಕಡಿಮೆ.

ಫಿಯೆಟ್ಟಿನದು 1,248 ಸಿ.ಸಿ.ಯ ಮಲ್ಟಿಜೆಟ್ ಡೀಸೆಲ್ ಎಂಜಿನ್. ಅದನ್ನು ಮಾರುತಿಯವರು ಪರವಾನಗಿ ಪಡೆದು ತಾವೇ ತಯಾರಿಸಿ, ಡಿಡಿಐಎಸ್ ಎಂದು ಹೆಸರಿಟ್ಟು, 2007ರಲ್ಲಿ ಸ್ವಿಫ್ಟ್‌ಗೆ ಹಾಕಿದರು. ಆಮೇಲೆ ಡಿಸೈರ್, ಎರ್ಟಿಗಾ, ಬ್ರೆಝಾ ಎಂದು ಮನೆಯ ಮಕ್ಕಳಿಗೆಲ್ಲ ಹಂಚಿದರು. ಟಾಟಾದವರು ಅದನ್ನೇ ಕ್ವಾಡ್ರಾಜೆಟ್ ಎಂದರು. ಇಷ್ಟೊಂದು ಕಾರುಗಳ ಮುಸುಡಿಯೊಳಗೆ ಒಂದೇ ಹೃದಯ ಬಡಿಯುತ್ತಿದ್ದುದರಿಂದ ಅದಕ್ಕೆ ‘ರಾಷ್ಟ್ರೀಯ ಎಂಜಿನ್’ ಎಂಬ ಬಿರುದೂ ಬಂತು. ಫಿಯೆಟ್ ತಾನು ಮಾತ್ರ ಏಕೆ ಬಿಡಬೇಕೆಂದು 2009ರಲ್ಲಿ ಅದೇ ಎಂಜಿನ್ನನ್ನು ಪುಂಟೋದಲ್ಲಿ ಇಟ್ಟು ತಂದಿತು. ರಸಿಕರು ಕುಣಿದಾಡಿದರು. ಸ್ಟಿಯರಿಂಗಿನ ತೂಕವೇನು, ತಿರುವಿನಲ್ಲಿ ಕೂತ ಹಾಗೆ ಕೂರುವ ಠೀವಿಯೇನು, ಇಟಲಿಯ ರೂಪವೇನು! ಹೊಗಳುತ್ತ ಹೊಗಳುತ್ತ ಸ್ವಿಫ್ಟ್ ಏರಿ ಮನೆಗೆ ಹೋದರು.

ಎಂಜಿನ್ ಇದ್ದಲ್ಲಿ ಮಾರಾಟವಿದೆ: ಸ್ವಿಫ್ಟ್. ಎಂಜಿನ್ ಇದ್ದಲ್ಲಿ ಮಾರಾಟವಿಲ್ಲ: ಪುಂಟೋ. ಆದ್ದರಿಂದ ಮಾರಾಟಕ್ಕೆ ಎಂಜಿನ್ ಕಾರಣವಲ್ಲ. ಹಾಗಾದರೆ ಕಾರಣ ಯಾವುದು? ಶೋಧಿಸುತ್ತ ಹೋದಾಗ ಸಿಕ್ಕಿದ್ದು ತೀರಾ ಗದ್ಯಮಯ ಸಂಗತಿಗಳು: ತಾಲ್ಲೂಕು ಕೇಂದ್ರದಲ್ಲೊಂದು ಸರ್ವೀಸ್ ಸ್ಟೇಷನ್, ಊರ ಮೆಕ್ಯಾನಿಕ್ಕಿಗೂ ಗೊತ್ತಿರುವ ಬಿಡಿಭಾಗ, ಐದು ವರ್ಷದ ನಂತರ ಕೈಗೆ ಬರುವ ರೀಸೇಲ್ ಬೆಲೆ. ಪುಂಟೋ ಮೊದಮೊದಲು ಟಾಟಾ ಶೋರೂಮುಗಳಲ್ಲೇ ಮಾರಾಟಕ್ಕಿತ್ತು, ನೆಂಟರ ಮನೆಯಲ್ಲಿ ಉಳಿದುಕೊಂಡು ಓದುವ ಹುಡುಗನ ಹಾಗೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದಾಗ ರಾಷ್ಟ್ರೀಯ ಎಂಜಿನ್ನೂ ಕಣ್ಮುಚ್ಚಿತು. ಹೆತ್ತ ಮನೆಯ ಬಾಗಿಲು ಅಷ್ಟರಲ್ಲೇ ಮುಚ್ಚಿತ್ತು.

ಛಂದಸ್ಸು

ಕಾರಿನ ಆಕಾರವನ್ನು ನಿರ್ಧರಿಸುವವನು ವಿನ್ಯಾಸಕಾರ ಎಂಬ ಭ್ರಮೆ ರಸಿಕರಲ್ಲಿ ವ್ಯಾಪಕವಾಗಿದೆ. ಭಾರತದಲ್ಲಿ ಆ ಕೆಲಸವನ್ನು ವಿತ್ತ ಸಚಿವರು ಮಾಡುತ್ತಾರೆ. 2006ರ ಬಜೆಟ್ಟಿನಲ್ಲಿ ಪಿ. ಚಿದಂಬರಂ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರೆಂದರೆ ನಾಲ್ಕು ಮೀಟರು ಮೀರದ್ದು, ಪೆಟ್ರೋಲಾದರೆ 1,200 ಸಿ.ಸಿ.ಯೊಳಗೆ, ಡೀಸೆಲ್ಲಾದರೆ 1,500ರೊಳಗೆ. ಕಂದಪದ್ಯಕ್ಕೆ ಮಾತ್ರೆಗಳ ಲೆಕ್ಕವಿದ್ದ ಹಾಗೆ ಕಾರಿಗೂ ಒಂದು ಗಣನಿಯಮ ಬಂತು. ಅದಕ್ಕೆ ತಕ್ಕಂತೆ ಟಾಟಾದ ಇಂಡಿಗೋ ಸಿಎಸ್ ಹಿಂಭಾಗ ಕಳೆದುಕೊಂಡು ಹುಟ್ಟಿತು. ನಾಲ್ಕು ಮೀಟರು ಮೀರಿದ್ದ ಡಿಸೈರ್ 2012ರಲ್ಲಿ ಬಾಲ ಕತ್ತರಿಸಿಕೊಂಡು 3,995 ಮಿಲಿಮೀಟರಿಗೆ ಬಂದು ನಿಂತಿತು. ಫೋಕ್ಸ್‌ವ್ಯಾಗನ್ನಿನ ಜರ್ಮನ್ ಎಂಜಿನಿಯರುಗಳೂ 2016ರಲ್ಲಿ ಅಮಿಯೋಗಾಗಿ ಇದೇ ಛಂದಸ್ಸಿನಲ್ಲಿ ಪದ್ಯ ಹೊಸೆಯಬೇಕಾಯಿತು. ಡಿಕ್ಕಿಯನ್ನು ಯಾರೋ ಬಾಗಿಲಿಗೆ ಸಿಕ್ಕಿಸಿದಂತಿದೆ ಎಂದು ರಸಿಕರು ಮೂಗು ಮುರಿದರು. ಸೌಂದರ್ಯದ ಮಟ್ಟಿಗೆ ಅವರ ಮಾತು ನಿಜ, ಈ ಪ್ರಬಂಧಕಾರನದೂ ಅದೇ ಅಭಿಪ್ರಾಯ. ಆದರೆ ಆ ಕತ್ತರಿಸಿದ ಕೆಲವು ಬೆರಳಿನಷ್ಟು ತಗಡಿಗೆ ಸರ್ಕಾರ ಕೊಡುತ್ತಿದ್ದ ಬೆಲೆಯನ್ನು ಜಗತ್ತಿನ ಯಾವ ಶಿಲ್ಪಿಗೂ ಯಾರೂ ಕೊಟ್ಟಿಲ್ಲ. 2025ರ ಸೆಪ್ಟೆಂಬರಿನ ಜಿಎಸ್‌ಟಿ ಪರಿಷ್ಕರಣೆಯಲ್ಲೂ ಗೆರೆ ಅಳಿಸಲಿಲ್ಲ: ಒಳಗಿದ್ದರೆ ಶೇ 18, ಹೊರಗಿದ್ದರೆ 40. ಇದರ ಮೇಲೆ ಕರ್ನಾಟಕದಲ್ಲಿ ಆಜೀವ ತೆರಿಗೆಯೆಂಬ ಪ್ರತ್ಯೇಕ ಅಲಂಕಾರವಿದೆ. ಹತ್ತು ಲಕ್ಷ ದಾಟಿದ ಕಾರಿಗೆ ಕನಿಷ್ಠ ಶೇ 17. ಆನ್ ರೋಡ್ ಬೆಲೆ ಕೇಳಿದಾಗ ಗಿರಾಕಿಯಲ್ಲಿ ಉಂಟಾಗುವ ಸ್ತಂಭ, ಸ್ವೇದ, ರೋಮಾಂಚಗಳನ್ನು ಭರತಮುನಿಯು ಸಾತ್ತ್ವಿಕ ಭಾವಗಳೆಂದು ಮೊದಲೇ ಗುರುತಿಸಿದ್ದಾನೆ.

ಪೂರ್ವಪಕ್ಷ

ಇಲ್ಲಿ ರಸಿಕರು ಆಕ್ಷೇಪಿಸುತ್ತಾರೆ: “ನಮಗೆ ಬೇಕಾದ್ದನ್ನು ಕಂಪನಿಗಳು ತಂದರೆ ತಾನೇ ಕೊಳ್ಳುವುದು? 2025ರಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಬಂತು. ಅರ್ಧ ಕೋಟಿಯ ಆಸುಪಾಸಿನ ಬೆಲೆ. ತಂದ ನೂರೂ ಕಾರು ಖಾಲಿಯಾಗಲಿಲ್ಲವೆ?”

ಆದವು. ಇದನ್ನು ಒಪ್ಪಿಕೊಂಡೇ ಉತ್ತರಿಸಬೇಕು. ರಸಿಕರು ಡಬ್ಬಿಯೆಂದು ಕರೆಯುವ ವ್ಯಾಗನ್ಆರ್ 2024-25ರ ಆರ್ಥಿಕ ವರ್ಷದಲ್ಲಿ ಸುಮಾರು 1.98 ಲಕ್ಷ ಮಾರಾಟವಾಯಿತು. ವರ್ಷದ ಹಗಲು ರಾತ್ರಿಗಳಿಗೆಲ್ಲ ಸಮನಾಗಿ ಹಂಚಿದರೆ ನೂರು ವ್ಯಾಗನ್ಆರ್ ಹೋಗಲು ನಾಲ್ಕೂವರೆ ಗಂಟೆ ಸಾಕು. ಆಕ್ಟೇವಿಯಾದ ಮಹಾವಿಜಯವು ವ್ಯಾಗನ್ಆರ್‌ಗೆ ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗಿನ ಕೆಲಸ.

“ಹಾಗಲ್ಲ, ಕೈಗೆಟುಕುವ ಬೆಲೆಯಲ್ಲಿ ಕೊಡಲಿ” ಎಂದು ಪೂರ್ವಪಕ್ಷ ಮತ್ತೆ ತಲೆಯೆತ್ತುತ್ತದೆ. ಇದಕ್ಕೆ ಜಿಮ್ನಿಯ ಉಪಾಖ್ಯಾನವೇ ಉತ್ತರ. ಮಾರುತಿಯ ಜಿಪ್ಸಿ ನಿಂತಾಗಿನಿಂದ ಭಾರತದ ರಸಿಕರು ಜಿಮ್ನಿಗಾಗಿ ತಪಸ್ಸು ಮಾಡಿದ್ದರು. ಲ್ಯಾಡರ್ ಚಾಸಿಸ್ ಬೇಕು, ಫೋರ್ ವ್ಹೀಲ್ ಡ್ರೈವ್ ಬೇಕು, ಅದಕ್ಕೊಂದು ಲೋ ಗೇರ್ ಬೇಕು, ಹಗುರವಿರಬೇಕು. ಮಾರುತಿ ಪ್ರತ್ಯಕ್ಷವಾಗಿ, ಬೇಡಿದ ವರಗಳಷ್ಟನ್ನೂ ಕೊಟ್ಟು, ಎರಡು ಬಾಗಿಲು ಹೆಚ್ಚಿಗೆ ಸೇರಿಸಿ, 2023ರ ಜೂನ್‌ನಲ್ಲಿ 12.74 ಲಕ್ಷದ ಆರಂಭಿಕ ಬೆಲೆಗೆ ಜಿಮ್ನಿ ಕರುಣಿಸಿತು. ತಪಸ್ವಿಗಳು ಕಣ್ಣು ಬಿಟ್ಟು ನೋಡಿದರು. ಡಿಕ್ಕಿ ಚಿಕ್ಕದು ಎಂದರು. ಹಿಂದೆ ಇಬ್ಬರೇ ಕೂರಬಹುದು ಎಂದರು. ಬಾಗಿಲು ಹೆಚ್ಚಾಯಿತು, ಮೂರು ಬಾಗಿಲಿನದೇ ಚಂದವಿತ್ತು ಎಂದರು. ಈ ಬೆಲೆಗೆ ಥಾರ್ ಬರುತ್ತಲ್ಲ ಎಂದರು. ಡಿಸೆಂಬರ್ ಹೊತ್ತಿಗೆ ಕಂಪನಿ ಬೆಲೆ ಇಳಿಸಬೇಕಾಯಿತು. ಮುಂದೆ ತಿಂಗಳ ಮಾರಾಟ ನೂರುಗಳ ಲೆಕ್ಕಕ್ಕೆ ಇಳಿದದ್ದೂ ಉಂಟು. 2025ರ ಆರಂಭದಲ್ಲಿ ಗುರುಗ್ರಾಮದಲ್ಲಿ ತಯಾರಾದ ಇದೇ ಐದು ಬಾಗಿಲಿನ ಜಿಮ್ನಿಯನ್ನು ನೋಮಾಡೆ ಎಂಬ ಹೆಸರಿನಲ್ಲಿ ಜಪಾನಿಗೆ ಕಳಿಸಿದರು. ನಾಲ್ಕಾರು ದಿನಗಳಲ್ಲಿ ಸುಮಾರು 50,000 ಬುಕಿಂಗ್ ಬಂದು, ಸುಜುಕಿಯವರು ‘ಸಾಕು ಸಾಕು’ ಎಂದು ಬುಕಿಂಗ್ ನಿಲ್ಲಿಸಿದರು. ಈ ಸುದ್ದಿ ಕೇಳಿ ಭಾರತದ ರಸಿಕರು ಹೆಮ್ಮೆಪಟ್ಟರು. ಹೆಮ್ಮೆಗೆ ಜಿಎಸ್‌ಟಿ ಇಲ್ಲ.

ಅಂಗಡಿಯವನ ಗಣಿತ

ಕಂಪನಿಗಳ ಪಕ್ಷವನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು, ಏಕೆಂದರೆ ಅದರಲ್ಲಿ ರಸವಿಲ್ಲ. ಹೊಸ ಮಾದರಿಯೊಂದಕ್ಕೆ ಅಚ್ಚು ಹಾಕಿಸಬೇಕು, ಪ್ರಮಾಣಪತ್ರಕ್ಕಾಗಿ ಪರೀಕ್ಷೆ ಮಾಡಿಸಬೇಕು, ಮಾರಾಟ ನಿಂತ ಮೇಲೂ ವರ್ಷಗಟ್ಟಲೆ ಬಿಡಿಭಾಗ ಒದಗಿಸಬೇಕು. ರಸಿಕನು ಬೇಡುವ ಹಳದಿ ಬಣ್ಣದ, ಮ್ಯಾನ್ಯುವಲ್ ಗೇರಿನ, ಟಾಪ್ ಎಂಜಿನ್ನಿನ ಕಾರೊಂದನ್ನು ಡೀಲರ್ ತರಿಸಿ ನಿಲ್ಲಿಸಿದರೆ, ಅದರ ಮೇಲಿನ ಸಾಲದ ಬಡ್ಡಿ ಪ್ರತಿ ರಾತ್ರಿ ನಿದ್ದೆಗೆಟ್ಟು ಬೆಳೆಯುತ್ತದೆ. ರಸಿಕನೂ ಪ್ರತಿ ಶನಿವಾರ ಬಂದು ಅದನ್ನು ನೋಡಿ, ಟೆಸ್ಟ್ ಡ್ರೈವ್ ಮಾಡಿ, ಕಾಫಿ ಕುಡಿದು ಹೋಗುತ್ತಾನೆ. ಪಕ್ಕದ ಬಿಳಿ ಕಾರನ್ನು ಯಾರೋ ನೋಡದೆಯೇ ಕೊಂಡಿರುತ್ತಾರೆ.

ಫೋರ್ಡ್ ಕಂಪನಿ ಹತ್ತು ವರ್ಷಗಳಲ್ಲಿ 200 ಕೋಟಿ ಡಾಲರಿಗೂ ಮಿಗಿಲಾದ ನಷ್ಟ ಅನುಭವಿಸಿ, 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಫಿಗೋದ ಸ್ಟಿಯರಿಂಗಿಗೆ ರಸಿಕರು ಬರೆದ ಚರಮಗೀತೆಗಳನ್ನು ಒಟ್ಟು ಮಾಡಿದರೆ ಒಂದು ಸಂಪುಟವಾದೀತು. ಅಂತ್ಯಕ್ರಿಯೆಗೆ ಬಂದವರಲ್ಲಿ ಬಹುತೇಕರು ಕ್ರೆಟಾದಿಂದ ಇಳಿದರು.

ಇದಕ್ಕೆ ಪ್ರತಿಯಾಗಿ ಬಿಡದಿಯನ್ನು ನೋಡಿ. ಟೊಯೋಟಾ ಅಲ್ಲಿಂದ 2000ದಲ್ಲಿ ಹೊರಬಿಟ್ಟದ್ದು ಕ್ವಾಲಿಸ್. ಇಂಡೋನೇಷ್ಯಾದಲ್ಲಿ ಕಿಜಾಂಗ್ ಎಂದು ಆಗಲೇ ಓಡಾಡಿ ಹಳತಾದ ಗಾಡಿ. ಜಗತ್ತಿನ ದೊಡ್ಡ ಕಂಪನಿ ನಮಗೆ ಕೊಡುವುದು ಇದನ್ನೇ ಎಂದು ರಸಿಕರು ನಕ್ಕರು. ಟ್ಯಾಕ್ಸಿ ಮಾಲೀಕರು ನಗಲಿಲ್ಲ, ಸಾಲಾಗಿ ನಿಂತು ಕೊಂಡರು. 2005ರಲ್ಲಿ ಇನ್ನೋವಾ ಬಂತು. ಧರ್ಮಸ್ಥಳಕ್ಕೋ ತಿರುಪತಿಗೋ ಬಾಡಿಗೆ ಗಾಡಿ ಮಾಡಿದವರಿಗೆ ಮುಂದಿನ ಕಥೆ ಹೇಳಬೇಕಿಲ್ಲ.

ಹೊರದೇಶದ ಪ್ರಮಾಣವೊಂದನ್ನೂ ಕೊಡದಿದ್ದರೆ ಪ್ರಬಂಧಕ್ಕೆ ಗೌರವ ಬರುವುದಿಲ್ಲ. 2002ರಲ್ಲಿ ಪೋರ್ಷೆ ಕಂಪನಿ ಕೇಯೆನ್ ಎಂಬ ದಢೂತಿ ಎಸ್‌ಯುವಿ ತಂದಾಗ, ಕುಲಗೆಟ್ಟಿತು ಎಂದು 911ರ ಭಕ್ತರು ಎದೆ ಬಡಿದುಕೊಂಡರು. 2023ರಲ್ಲಿ ಪೋರ್ಷೆ ಮಾರಿದ 3.2 ಲಕ್ಷ ಕಾರುಗಳಲ್ಲಿ ಕೇಯೆನ್ ಮತ್ತು ಅದರ ತಮ್ಮ ಮಕಾನ್ ಸೇರಿ ಸುಮಾರು 1.75 ಲಕ್ಷ, 911 ಸುಮಾರು 50 ಸಾವಿರ. ಕುಲಗೆಡಿಸಿದವರು ದುಡಿದು ಹಾಕುತ್ತಿರುವುದರಿಂದ ಕುಲದೇವರ ಪೂಜೆ ಸಾಂಗವಾಗಿ ನಡೆದಿದೆ. ಭಕ್ತರು ಇದನ್ನು ಇನ್ನೂ ಕ್ಷಮಿಸಿಲ್ಲ.

ಆಶ್ರಮಧರ್ಮ

ರಸಿಕತ್ವವು ಶಾಶ್ವತವಲ್ಲ, ಆಶ್ರಮಾನುಸಾರಿ ಎಂಬ ವಾದವೂ ಇದೆ. ಬ್ರಹ್ಮಚರ್ಯದಲ್ಲಿ ಹಳೆಯ ಪೋಲೋ, ಅದಕ್ಕೆ ದೊಡ್ಡ ಸೈಲೆನ್ಸರ್. ಗೃಹಸ್ಥಾಶ್ರಮದಲ್ಲಿ ಆರು ಏರ್‌ಬ್ಯಾಗು, ಹಿಂದಿನ ಸೀಟಿಗೆ ಎ.ಸಿ., ಅತ್ತೆಯವರು ಸೀರೆ ಎತ್ತದೆ ಹತ್ತಬಹುದಾದ ಎತ್ತರ. ಆಟೋಮ್ಯಾಟಿಕ್ ಎಂದರೆ ಅಪಚಾರವೆನ್ನುತ್ತಿದ್ದವನ ಎಡಮೊಣಕಾಲು ಸಿಲ್ಕ್ ಬೋರ್ಡಿನ ಕ್ಲಚ್ಚಿನ ಮೇಲೆ ಒಂದು ಮಳೆಗಾಲ ಕಳೆದರೆ ಮತಾಂತರ ತಾನಾಗಿ ಆಗುತ್ತದೆ. 2014ರಲ್ಲಿ ಸೆಲೆರಿಯೋ ಎಎಂಟಿ ತಂದಾಗ ಮಾರುತಿಯವರು ನಂಬಿದ್ದು ಈ ಮೊಣಕಾಲನ್ನೇ. ಗೇರು ಬದಲಾಗುವಾಗ ಕಾರು ತಲೆ ಅಲ್ಲಾಡಿಸುತ್ತದೆ ಎಂದು ರಸಿಕರು ದೂರಿದರು. ಕಾರು ಒಪ್ಪಿಗೆ ಸೂಚಿಸುತ್ತಿದೆ ಎಂದು ಗಿರಾಕಿಗಳು ತಿಳಿದುಕೊಂಡರು.

ಅಧ್ಯಾಸ

ಕೊನೆಯದಾಗಿ ವಿದ್ಯುತ್ ಕಾರು. ಇದರಲ್ಲಿ ಗೇರುಗಳ ಸಾಲಿಲ್ಲ, ಸದ್ದಿಲ್ಲ, ಕಾಲಿಟ್ಟೊಡನೆ ವೇಗ. ನಿರ್ಗುಣ, ನಿರಾಕಾರ, ನಿಶ್ಶಬ್ದ. ಅದ್ವೈತಿಗಳಿಗೆ ಸಂತೋಷವಾಗಬೇಕಾದ ಸ್ಥಿತಿ, ರಸಿಕರಿಗೆ ಮಾತ್ರ ಶೂನ್ಯವೆನಿಸಿತು. ಇದನ್ನರಿತ ಹ್ಯುಂಡೈ ಕಂಪನಿಯು 2023ರಲ್ಲಿ ಅಯಾನಿಕ್ 5 ಎನ್ ಎಂಬ ಕಾರಿನಲ್ಲಿ ಹಗ್ಗದ ಮೇಲೆ ಹಾವನ್ನು ಆರೋಪಿಸುವ ಯುಕ್ತಿಯನ್ನು ಜಾರಿಗೆ ತಂದಿತು. ಇಲ್ಲದ ಎಂಟು ಗೇರುಗಳನ್ನು ಸಾಫ್ಟ್‌ವೇರ್ ಇರುವಂತೆ ತೋರಿಸುತ್ತದೆ. ಇಲ್ಲದ ಎಂಜಿನ್ನಿನ ಸದ್ದನ್ನು ಸ್ಪೀಕರು ಹಾಡುತ್ತದೆ. ಗೇರು ಬದಲಿಸಲು ಮರೆತರೆ, ಸುಟ್ಟುಹೋಗಲು ಅಲ್ಲಿ ಏನೂ ಇಲ್ಲದಿದ್ದರೂ, ಕಾರು ತಡವರಿಸಿ ಎಚ್ಚರಿಸುತ್ತದೆ. ಮೋಟಾರಿಗೆ ಇದರಿಂದ ಯಾವ ಪ್ರಯೋಜನವೂ ಇಲ್ಲ. ರಸಿಕರು ಮನಸಾರೆ ಮೆಚ್ಚಿ, ಇಷ್ಟು ನಿಜವಾದ ಕಾರನ್ನು ಈಚೆಗೆ ಕಂಡೇ ಇರಲಿಲ್ಲ ಎಂದರು. ಭಾರತಕ್ಕೂ ಬರಲೇಬೇಕೆಂದು ನಂದಿಬೆಟ್ಟದ ಬುಡದಲ್ಲಿ ಒಕ್ಕೊರಲಿನ ಒತ್ತಾಯವಿದೆ. ಕೊಳ್ಳುವವರು ಯಾರೆಂದು ಪ್ರಬಂಧಕಾರನು ಕೇಳಿದಾಗ, ನಾಲ್ಕೈದು ವರ್ಷ ಬಿಟ್ಟು ಸೆಕೆಂಡ್ಸಲ್ಲಿ ನೋಡೋಣ ಎಂಬ ಉತ್ತರ ಬಂತು.